ಮಾರುತಿ 800: ಬಾಗಿಲು ಜಗ್ಗಿದೆ, ಹಿಂಜ್ ರಿಪೇರಿ ಆಗುತ್ತಾ?

ಕೇಳಿದವರು, ತುಮಕೂರು: 1998ರ ಗಾಡಿ. ಡ್ರೈವರ್ ಬಾಗಿಲನ್ನು ಎತ್ತಿ ಹಾಕಿದರಷ್ಟೇ ಮುಚ್ಚುತ್ತದೆ. ಸ್ಟ್ರೈಕರ್ (ಬಾಗಿಲಿನ ಲಾಕ್ ಕಚ್ಚಿಕೊಳ್ಳುವ ಕೊಂಡಿ) ಇಳಿಸಿದರೆ ಸಾಕು ಅಂತ ಒಬ್ಬರು, ಹಿಂಜೇ ಬದಲಿಸಿ ಅಂತ ಇನ್ನೊಬ್ಬರು. ಹಳೇ ಹಿಂಜನ್ನೇ ಸರಿ ಮಾಡಿಸಬಹುದಾ? ಬಲ್ಲವರು ತಿಳಿಸಿ.

ಟಿಂಕರಿಂಗ್, ಮೈಸೂರು: ಸ್ಟ್ರೈಕರ್ ಸದ್ಯಕ್ಕೆ ಮುಟ್ಟಬೇಡಿ ಸರ್. ಅದನ್ನು ಇಳಿಸಿದರೆ ರೋಗ ಮುಚ್ಚಿಹೋಗುತ್ತದೆ, ಬಾಗಿಲು ಇನ್ನಷ್ಟು ಜಗ್ಗುತ್ತದೆ. ಬಾಗಿಲನ್ನು ಅರ್ಧ ತೆರೆದು ಲಾಕ್ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ. ಇನ್ನೊಬ್ಬರು ಹಿಂಜ್ ಮೇಲೆ ಟಾರ್ಚ್ ಬಿಟ್ಟು ನೋಡಲಿ. ಹಿಂಜಿನ ಎರಡು ಎಲೆಗಳ (ಬಾಗಿಲಿಗೊಂದು, ಬಾಡಿಗೊಂದು ಕೂತ ಪಟ್ಟಿಗಳು) ನಡುವೆ ಆಟ, ಅಂದರೆ ಸಡಿಲ, ಕಂಡರೆ ಅವನ್ನು ಜೋಡಿಸುವ ಪಿನ್ ಸವೆದಿದೆ. ಎಲೆಯೇ ಜರುಗಿದರೆ ಬೋಲ್ಟ್ ಸಡಿಲ. ಪಿಲ್ಲರಿನ (ಹಿಂಜ್ ಕೂತಿರುವ ಬಾಡಿಯ ಕಂಬ) ತಗಡೇ ಒಳಗೆ ಹೊರಗೆ ಆಡಿದರೆ ತುಕ್ಕು ಇಲ್ಲವೇ ಬಿರುಕು; ಆಗ ಹೊಸ ಹಿಂಜ್ ಹಾಕಿದರೂ ದಂಡ, ತಗಡಿನ ಕೆಲಸ ಮೊದಲು.

ಸಣ್ಣ ಆಟ ಅಂತ ಬಿಡಬೇಡಿ. ಹಿಂಜ್‌ಗಳ ನಡುವೆ 35 ಸೆಂ.ಮೀ., ಬಾಗಿಲು 1 ಮೀಟರ್ ಅಂತ ಲೆಕ್ಕ ಹಾಕಿದರೆ ಪಿನ್ನಿನ ಅರ್ಧ ಮಿ.ಮೀ. ಆಟ ಲಾಕ್ ತುದಿಯಲ್ಲಿ ಸುಮಾರು ಒಂದೂವರೆ ಮಿ.ಮೀ. ಇಳಿತ.

ಲೇತ್ ವರ್ಕ್ಸ್, ಹುಬ್ಬಳ್ಳಿ: ರಿಪೇರಿ ಖಂಡಿತ ಆಗುತ್ತದೆ. ಪಿನ್ ಒಂದು ಎಲೆಯಲ್ಲಿ ಬಿಗಿಯಾಗಿ ಕೂತು ಇನ್ನೊಂದರಲ್ಲಿ ತಿರುಗಬೇಕು. ತಿರುಗುವ ಕಡೆಯ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ, ಹಾಗಾಗಿ ಬರೀ ಹೊಸ ಪಿನ್ ಹಾಕಿದರೆ ಆಟ ಪೂರ್ತಿ ಹೋಗುವುದಿಲ್ಲ.

ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಪಿನ್ನಿನ ತಲೆ ಬಡಿದು ಅಗಲ ಮಾಡಿದ್ದರೆ ಅದನ್ನು ಗ್ರೈಂಡ್ ಮಾಡಿ, ಆಮೇಲೆ ಪಂಚ್ ಇಟ್ಟು ಹೊಡೆಯಿರಿ. ಹಳೇ ಪಿನ್ನನ್ನು ಬಿಗಿಯಾಗಿ ಕೂತಿದ್ದ ಭಾಗದಲ್ಲಿ ವರ್ನಿಯರ್ ಇಟ್ಟು ಅಳೆಯಬೇಕು. ಮೂಲ ಅಳತೆ ಉಳಿದಿರುವುದು ಅಲ್ಲಿ ಮಾತ್ರ. ಅದು 8 ಮಿ.ಮೀ. ಬಂತು ಅನ್ನಿ. ಸವೆದ ತೂತಿನ ಸುತ್ತ ದಪ್ಪ ಚೆನ್ನಾಗಿದ್ದರೆ 10ಕ್ಕೆ ರೀಮ್ ಮಾಡಿ (ತೂತನ್ನು ನಯವಾಗಿ ಅಗಲಿಸಿ), ಹೊರಗೆ 10 ಒಳಗೆ 8ರ ಗನ್‌ಮೆಟಲ್ (ಕಂಚಿನ ಜಾತಿಯ ಲೋಹ) ಬುಶ್, ಅಂದರೆ ಸಣ್ಣ ಕೊಳವೆ, ಒತ್ತಿ ಕೂರಿಸಿ. ದಪ್ಪ ಕಡಿಮೆಯಿದ್ದರೆ ಬುಶ್ ಬೇಡ: ಎರಡೂ ಎಲೆಗಳನ್ನು ಜೋಡಿಸಿ ಹಿಡಿದು ಒಟ್ಟಿಗೇ 8.5ಕ್ಕೆ ರೀಮ್ ಮಾಡಿ, ಇಎನ್8 (ಒಂದು ಬಗೆಯ ಉಕ್ಕು) ರಾಡಿನಿಂದ ಲೇತಿನಲ್ಲಿ ದಪ್ಪ ಪಿನ್ ಮಾಡಿಸಿಕೊಳ್ಳಿ. ತಿರುಗುವ ಕಡೆ 0.05 ಮಿ.ಮೀ. ಸಡಿಲ ಸಾಕು. ಕೈ ಡ್ರಿಲ್ ಬಳಸಿದರೆ ತೂತು ಓರೆಯಾಗುತ್ತದೆ; ಎರಡು ಹಿಂಜ್‌ಗಳ ಪಿನ್ ಒಂದೇ ಗೆರೆಯಲ್ಲಿಲ್ಲದಿದ್ದರೆ ಬಾಗಿಲು ತಿರುಗುವಾಗ ಹಿಡಿಯುತ್ತದೆ, ಹೊಸ ಬುಶ್ಶೂ ಬೇಗ ಹೋಗುತ್ತದೆ.

ಕೇಳಿದವರು: ಪಿನ್ ಬದಲು 8ರ ಬೋಲ್ಟ್ ನಟ್ ಹಾಕಿದರೆ ಆಗಲ್ವಾ ಅಣ್ಣ?

ಲೇತ್ ವರ್ಕ್ಸ್, ಹುಬ್ಬಳ್ಳಿ: ಬೇಡ. ಥ್ರೆಡ್ ತೂತಿನೊಳಗೆ ಬಂದರೆ ಅರದ ಹಾಗೆ ಉಜ್ಜುತ್ತದೆ.

ಗ್ಯಾರೇಜ್, ಬೆಂಗಳೂರು: ಬಿಚ್ಚುವ ಮುನ್ನ ಎಲೆಗಳ ಅಂಚಿಗೆ ಮೊಳೆಯಲ್ಲಿ ಗೀಟು ಹಾಕಿ, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಅಂಚಿಗೆ ಟೇಪ್ ಅಂಟಿಸಿ. ಬಾಗಿಲಿನ ಕೆಳಗೆ ಜಾಕ್, ಅದರ ಮೇಲೆ ಹಲಗೆ, ಬಟ್ಟೆ. ಡೋರ್ ಸ್ಟಾಪರಿನ (ಬಾಗಿಲು ಅತಿಯಾಗಿ ತೆರೆಯದಂತೆ ತಡೆಯುವ ಪಟ್ಟಿ) ಪಿನ್ ತೆಗೆಯಿರಿ. ಸ್ಪೀಕರ್ ವೈರ್ ಇದ್ದರೆ ಅದನ್ನೂ. ಒಮ್ಮೆಗೆ ಒಂದೇ ಹಿಂಜ್ ಬಿಚ್ಚಿ ಸರಿಮಾಡಿ ಹಾಕಿದರೆ ಬಾಗಿಲು ಇಳಿಸುವ ಕೆಲಸವೇ ಇಲ್ಲ, ಆದರೆ ಜಾಕ್ ಅಲುಗಾಡಬಾರದು.

ಕೂರಿಸುವಾಗ ಸ್ಟ್ರೈಕರ್ ಬಿಚ್ಚಿಡಿ, ಇಲ್ಲದಿದ್ದರೆ ಅದೇ ಬಾಗಿಲನ್ನು ಎತ್ತಿ ಹಿಡಿದು ಮೋಸ ಮಾಡುತ್ತದೆ. ಎಲೆ ಯಾವ ಮುಖದ ಮೇಲೆ ಕೂತಿದೆಯೋ ಆ ಮುಖದ ಉದ್ದಗಲಕ್ಕೆ ಮಾತ್ರ ಸರಿಯುತ್ತದೆ: ಬಾಗಿಲಿನ ಮುಂಭಾಗದ ಅಂಚಿನ ಬೋಲ್ಟ್ ಸಡಿಲಿಸಿದರೆ ಮೇಲೆ ಕೆಳಗೆ, ಒಳಗೆ ಹೊರಗೆ ಹೊಂದಿಸಬಹುದು. ಹಿಂದಿನ ಬಾಗಿಲಿನ ಜೊತೆಗಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಬಂದ ಮೇಲೆ ಬಿಗಿಮಾಡಿ, ಕೊನೆಗೆ ಸ್ಟ್ರೈಕರ್. ಹೊಸ ಹಿಂಜೇ ಬೇಕೆಂದರೆ ಬಿಡಿಭಾಗದ ಅಂಗಡಿಗಳಿರುವ ನಮ್ಮ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಆದರೆ ಕೊಳ್ಳುವ ಮುನ್ನ ಎಲೆಗಳನ್ನು ಕೈಯಲ್ಲಿ ಆಡಿಸಿ ನೋಡಿ. ಹೊಸದರಲ್ಲೇ ಆಟ ಇರುವ ಮಾಲೂ ಬರುತ್ತದೆ.

ಮಂಗಳೂರಿನಿಂದ: ಕರಾವಳಿಯ ಗಾಡಿಯಾದರೆ ಬೋಲ್ಟ್‌ಗೆ ಜೋರು ಹಾಕಬೇಡಿ ಮಾರಾಯ್ರೆ, ತಲೆ ತುಂಡಾಗ್ತದೆ. ಎಣ್ಣೆ ಬಿಟ್ಟು, ಸ್ವಲ್ಪ ಬಿಗಿಮಾಡಿ, ಆಮೇಲೆ ಸಡಿಲಿಸಿ. ಬುಶ್‌ಗೆ ಲಿಥಿಯಂ ಗ್ರೀಸ್ ಒಳ್ಳೆಯದು. ವೇಸ್ಟ್ ಆಯಿಲ್ ಬಿಟ್ಟರೆ ಧೂಳು ಹಿಡಿದು ಅದೇ ಸಾಣೆ ಆಗ್ತದೆ.

ಟಿಂಕರಿಂಗ್, ಮೈಸೂರು: ಡೋರ್ ಸ್ಟಾಪರ್ ಕೂಡ ನೋಡಿ ಸರ್. ಅದು ಮುರಿದಿದ್ದರೆ ಗಾಳಿಗೆ ಬಾಗಿಲು ಹಾರಿ ಫೆಂಡರ್‌ಗೆ ಬಡಿಯುತ್ತದೆ, ಹಿಂಜಿನ ಎಲೆ ಬಾಗುತ್ತದೆ. ಬಾಗಿದ ಎಲೆಗೆ ಬುಶ್ ಹಾಕಿ ಪ್ರಯೋಜನವಿಲ್ಲ.