ಕಡಲಿನ ಮೇಲಿನ ಆಕಾಶಗಂಗೆ: ಡಿಸೆಂಬರ್‌ನಲ್ಲಿ ಗೋಕರ್ಣಕ್ಕೆ ಹೋಗಬಹುದೇ?

ಪ್ರಶ್ನೆ (ಬಸವನಗುಡಿ, ಬೆಂಗಳೂರು)

ಮಾನ್ಯರೇ, ಬೆಂಗಳೂರಿನ ತಾರಸಿಯಿಂದ ಬೆರಳೆಣಿಕೆಯ ನಕ್ಷತ್ರಗಳಷ್ಟೇ ಕಾಣುವುದರಿಂದ, ಡಿಸೆಂಬರ್ ಕೊನೆಯ ರಜೆಯಲ್ಲಿ ಗೋಕರ್ಣದ ಹಾಫ್ ಮೂನ್ ಬೀಚಿನಂತಹ ನಿರ್ಜನ ತೀರಕ್ಕೆ ಹೋಗಿ, ಕಡಲಿನ ಮೇಲಿನ ಆಕಾಶಗಂಗೆಯನ್ನು ಸೆರೆಹಿಡಿಯಬೇಕೆಂದಿದ್ದೇನೆ. ಎಪಿಎಸ್‌-ಸಿ (ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾ, 18-55 ಮಿ.ಮೀ. ಲೆನ್ಸ್ ಮತ್ತು ಟ್ರೈಪಾಡ್ ನನ್ನಲ್ಲಿವೆ. ಇಷ್ಟು ಸಾಕೇ? ಎಕ್ಸ್‌ಪೋಷರ್ ಎಷ್ಟಿರಬೇಕು?

ಉತ್ತರ (ಮಲ್ಲೇಶ್ವರ)

ಸಲಕರಣೆ ಸಾಕು, ತಿಂಗಳು ಮಾತ್ರ ಸರಿಯಿಲ್ಲ. ಆಕಾಶಗಂಗೆಯ ಅತ್ಯಂತ ಉಜ್ವಲವಾದ ಕೇಂದ್ರಭಾಗ ಇರುವುದು ಧನು ರಾಶಿಯಲ್ಲಿ, ವೃಶ್ಚಿಕದ ಬಾಲದಲ್ಲಿರುವ ಮೂಲಾ ನಕ್ಷತ್ರದ ಸಮೀಪ. ಧನುರ್ಮಾಸದಲ್ಲಿ ಸೂರ್ಯನೇ ಆ ರಾಶಿಯಲ್ಲಿರುವುದರಿಂದ, ರಾತ್ರಿಯಿಡೀ ಕಾದರೂ ಆ ಭಾಗ ಕಾಣುವುದಿಲ್ಲ. ಇನ್ನು ದಿಕ್ಕಿನ ವಿಚಾರ: ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ, ಫೆಬ್ರವರಿ-ಮಾರ್ಚ್‌ನ ಬೆಳಗಿನ ಜಾವ ಆಗ್ನೇಯದಲ್ಲಿ ಏಳುವ ಕೇಂದ್ರವು ಗುಡ್ಡಗಳ ಕಡೆ ಕಾಣುತ್ತದೆಯೇ ಹೊರತು ಕಡಲಿನ ಕಡೆಯಲ್ಲ. ಕಡಲಿನ ಮೇಲೆಯೇ ಬೇಕೆಂದರೆ ಮೇ ಕೊನೆಯಲ್ಲಿ ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಇಲ್ಲವೇ ಅಕ್ಟೋಬರ್‌ನಲ್ಲಿ ಕತ್ತಲಾದ ಕೂಡಲೇ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೈರುತ್ಯಕ್ಕೆ ಕ್ಯಾಮೆರಾ ತಿರುಗಿಸಬೇಕು. ಮಳೆಗಾಲ ಸಮೀಪಿಸುವ ಮೇ ತಿಂಗಳ ಮೋಡವನ್ನು ನಂಬಲಾಗದು; ಆದ್ದರಿಂದ ನಾನಂತೂ ಅಕ್ಟೋಬರ್ ಅನ್ನೇ ಆರಿಸುತ್ತೇನೆ.

ರಜೆ ಬದಲಿಸಲಾಗದಿದ್ದರೂ ಬೇಸರ ಬೇಡ. ಡಿಸೆಂಬರ್ ಕೊನೆಯಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜವು ಬೆಳಗಿನ ಜಾವ ಮೂರರಿಂದ ನಾಲ್ಕು ಗಂಟೆಯ ವೇಳೆಗೆ ಪಶ್ಚಿಮದ ಕಡಲಿನತ್ತ ಇಳಿಯುತ್ತದೆ. ಅದೂ ಸುಂದರವಾದ ಚಿತ್ರವೇ.

ಉತ್ತರ (ಜಯನಗರ)

ಎಕ್ಸ್‌ಪೋಷರ್ ಬಗ್ಗೆ: 500 ಅನ್ನು ಫೋಕಲ್ ಲೆಂತ್ (ಲೆನ್ಸಿನ ಮೇಲಿನ ಮಿ.ಮೀ. ಸಂಖ್ಯೆ) ಮತ್ತು ಚಿಕ್ಕ ಸೆನ್ಸರ್‌ನ ಗುಣಕವಾದ (ಸುಮಾರು 1.5) ಕ್ರಾಪ್ ಫ್ಯಾಕ್ಟರ್‌ಗಳ ಗುಣಲಬ್ಧದಿಂದ ಭಾಗಿಸಿದರೆ, 18 ಮಿ.ಮೀ.ಗೆ ಸುಮಾರು 18 ಸೆಕೆಂಡು ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ನಕ್ಷತ್ರಗಳು ಗೆರೆಯಾಗುತ್ತವೆ. ಎಫ್ 3.5, ಐಎಸ್‌ಒ 3200, 15 ಸೆಕೆಂಡಿನಿಂದ ಆರಂಭಿಸಿ, ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಕಡತದಲ್ಲಿಯೇ ಉಳಿಸಿರಿ. ಆಟೋಫೋಕಸ್ ಮತ್ತು ಸ್ಟೆಬಿಲೈಸೇಷನ್ (ಕೈನಡುಕ ಸರಿಪಡಿಸುವ ವ್ಯವಸ್ಥೆ) ಎರಡನ್ನೂ ನಿಲ್ಲಿಸಿ, ಲೈವ್ ವ್ಯೂನಲ್ಲಿ ಪ್ರಕಾಶಮಾನವಾದ ನಕ್ಷತ್ರವೊಂದನ್ನು ಹಿಗ್ಗಿಸಿ, ಅದು ಚಿಕ್ಕ ಚುಕ್ಕೆಯಾಗುವವರೆಗೆ ಕೈಯಿಂದ ಫೋಕಸ್ ಮಾಡಿರಿ.

ಅಮಾವಾಸ್ಯೆಯ ಸುತ್ತಮುತ್ತ ಉಬ್ಬರವೂ ಜೋರಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಉಬ್ಬರದ ವೇಳೆಯನ್ನು ಮೊದಲೇ ನೋಡಿಕೊಂಡು, ಅಲೆ ಮುಟ್ಟದಷ್ಟು ಮೇಲೆ, ಟ್ರೈಪಾಡಿನ ಕಾಲುಗಳನ್ನು ಮರಳಿನಲ್ಲಿ ಆಳವಾಗಿ ಊರಿರಿ. ಲೆನ್ಸಿನ ಮೇಲೆ ಉಪ್ಪುಗಾಳಿಯ ತೇವ ಕೂರುವುದರಿಂದ ಆಗಾಗ ಪರೀಕ್ಷಿಸುತ್ತಿರಬೇಕು.

ಉತ್ತರ (ಯಲಹಂಕ)

ಒಂದು ವಿನಂತಿ. ಉತ್ತರ ಕನ್ನಡದ ತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬಿಳಿ ಬೆಳಕು ಅವುಗಳನ್ನು ಹೆದರಿಸಿ ಹಿಂದಿರುಗಿಸಬಲ್ಲದು, ಮರಿಗಳ ದಾರಿಯನ್ನೂ ತಪ್ಪಿಸಬಲ್ಲದು. ಆದ್ದರಿಂದ ಮಂದವಾದ ಕೆಂಪು ಟಾರ್ಚನ್ನು ಮಾತ್ರ, ಅದನ್ನೂ ಅಗತ್ಯವಿದ್ದಾಗಲಷ್ಟೇ ಬಳಸಿರಿ; ಆಮೆ ಕಂಡರೆ ಅದನ್ನೂ ಆರಿಸಿ ದೂರ ಸರಿಯಿರಿ.