ಹಳೇ ಸ್ಟಾರ್‌ಶಿಪ್‌ಗಳನ್ನು ಅವುಗಳ ಕಾಲದಲ್ಲೇ ಆಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಬೆಂದೂರ್‌ವೆಲ್‌ನಿಂದ ಪ್ರಶ್ನೆ:

ನಾವು ಐದು ಜನ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಸ್ಟಾರ್ ಫ್ಲೀಟ್ ಬ್ಯಾಟಲ್ಸ್ ಆಡುತ್ತೇವೆ, ಬಾಹ್ಯಾಕಾಶ ಹಡಗುಗಳು ಕಾದಾಡುವ ಬೋರ್ಡ್ ಆಟ. ನನಗೆ ಹಳೇ ಹಡಗುಗಳೆಂದರೆ ಪ್ರಾಣ. ಪ್ರತಿ ಹಡಗಿಗೂ ಅದರ ಬಲಕ್ಕೆ ತಕ್ಕ ಪಾಯಿಂಟ್ ಇದೆ, ಅದನ್ನು ಸಮ ಮಾಡಿಕೊಂಡೇ ಕೂರುತ್ತೇವೆ. ಆದರೂ ಮೂರನೇ ಟರ್ನ್ ಮುಗಿಯುವಾಗ ನನ್ನ ಹಡಗಿನಲ್ಲಿ ಏನೂ ಉಳಿದಿರುವುದಿಲ್ಲ. ಹೊಸ ಹಡಗು ತರುವವನನ್ನು ಬೇಡ ಅನ್ನಲು ನಮ್ಮಲ್ಲಿ ನಿಯಮ ಇಲ್ಲ. "ಆ ಗುಜರಿ ಬಿಡು ಮಾರಾಯ" ಅಂತ ನಗುತ್ತಾರೆ. ಹಳೇ ಡಿಸೈನ್‌ಗಳನ್ನು ಅವುಗಳ ಕಾಲದೊಳಗೇ ಇಟ್ಟು ಆಡುವವರು ಯಾರಾದರೂ ಇದ್ದೀರಾ? ಹೇಗೆ ಮಾಡುತ್ತೀರಿ?

ಕದ್ರಿಯಿಂದ:

ಇದ್ದೇವೆ. ನಾವೂ ಎರಡು ವರ್ಷ ಪಾಯಿಂಟ್ ಹಿಡಿದುಕೊಂಡು ಜಗಳ ಆಡಿದವರೇ. ಈಗ ನಮ್ಮಲ್ಲಿ ಮೊದಲು ವರ್ಷ, ಆಮೇಲೆ ಪಾಯಿಂಟ್.

ಈ ಆಟದ ಮಾಸ್ಟರ್ ಶಿಪ್ ಚಾರ್ಟ್, ಅಂದರೆ ಹಡಗುಗಳ ಪಟ್ಟಿ, ತೆಗೆದು ನೋಡಿ. ಪ್ರತಿ ಹಡಗಿನ ಎದುರೂ ಅದು ಸೇವೆಗೆ ಬಂದ ವರ್ಷ ಉಂಟು. ಆ ಕಾಲಮ್ ಯಾರೂ ನೋಡುವುದಿಲ್ಲ, ಕಣ್ಣು ಸೀದಾ ಪಾಯಿಂಟ್ ಕಡೆ ಹೋಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಭಾನುವಾರ ಕೊಟ್ಟಾರದಲ್ಲಿ ನೀರು ನಿಂತು ಇಬ್ಬರಿಗೆ ಬರಲಿಕ್ಕಾಗಲಿಲ್ಲ. ಉಳಿದವರು ಕೂತು ನಮ್ಮ ಹತ್ತಿರ ಇದ್ದ ಅಷ್ಟೂ ಹಡಗಿನ ಶೀಟ್‌ಗಳ ಬಲ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ವರ್ಷ ಬರೆದೆವು. ಈಗ ಆಟಕ್ಕೆ ಕೂರುವಾಗ ಒಬ್ಬ ವರ್ಷ ಹೇಳುತ್ತಾನೆ, ಉದಾಹರಣೆಗೆ ವೈ170, ಅಂದರೆ ಆಟದ ಕತೆಯ ಲೆಕ್ಕದಲ್ಲಿ 170ನೇ ವರ್ಷ. ಅದಕ್ಕಿಂತ ದೊಡ್ಡ ಸಂಖ್ಯೆ ಇರುವ ಶೀಟ್ ಪೆಟ್ಟಿಗೆಗೆ ವಾಪಸ್. ವಾದವೇ ಇಲ್ಲ.

ಪಾಯಿಂಟ್ ಸಮ ಇದ್ದರೂ ಹಳೇದು ಯಾಕೆ ಸಾಯುತ್ತದೆ ಅಂತ ನನಗೆ ಅರ್ಥವಾದದ್ದು ಡ್ರೋನ್‌ನಿಂದ, ಅಂದರೆ ಹಡಗನ್ನು ಅಟ್ಟಿಸಿಕೊಂಡು ಬರುವ ಕ್ಷಿಪಣಿಯಿಂದ. ಈ ಆಟದಲ್ಲಿ ಡ್ರೋನ್ ವೇಗ 8, 12, 20, 32 ಅಂತ ಕಾಲಕ್ಕೆ ತಕ್ಕ ಹಾಗೆ ಏರುತ್ತದೆ. ಹಡಗಿನ ವೇಗ ಎಷ್ಟು ಎಳೆದರೂ 31. 8ರ ಡ್ರೋನ್ ಬಂದರೆ ಬೆನ್ನು ತಿರುಗಿಸಿ ಆರಾಮವಾಗಿ ಓಡಬಹುದು. 32ರದ್ದು ಬಂದರೆ ಓಡಿ ಪ್ರಯೋಜನ ಇಲ್ಲ, ನಿಂತು ಹೊಡೆಯಲೇಬೇಕು. ನಿಧಾನದ ಡ್ರೋನ್ ಕಾಲಕ್ಕೆ ಮಾಡಿದ ಹಡಗಿನಲ್ಲಿ ಹಾಗೆ ಹೊಡೆಯಲು ಬೇಕಾದಷ್ಟು ಸಣ್ಣ ಫೇಸರ್‌ಗಳು, ಅಂದರೆ ಕಿರಣದ ತೋಪುಗಳು, ಇರುವುದಿಲ್ಲ. ಅದು ಓಡುವ ಲೆಕ್ಕದಲ್ಲಿ ಹುಟ್ಟಿದ ಹಡಗು.

ಇದರಲ್ಲಿ ನಾನೇ ಸಿಕ್ಕಿಬಿದ್ದಿದ್ದೇನೆ. ಜನರಲ್ ವಾರ್ ಅಂದರೆ ಆಟದ ಕತೆಯ ದೊಡ್ಡ ಯುದ್ಧ, ಆ ಆಟದ ಲೆಕ್ಕದಲ್ಲಿ ವೈ168ರಿಂದ ವೈ185. ನಾವು ಆಡುತ್ತಿದ್ದದ್ದು ಅದರ ಶುರುವಿನ ವರ್ಷ. ನನ್ನ ಡಿ7 ಕ್ರೂಸರ್ ಸರಿಯಾಗಿಯೇ ಇತ್ತು, ಶೀಟ್ ಮೇಲೆ ವರ್ಷವೂ ಇತ್ತು. ಆದರೆ ಡ್ರೋನ್ ಮಾತ್ರ ಹಿಂದಿನ ವಾರದ ಆಟದ್ದು, ವೇಗ 32. ನಾಲ್ಕು ಡ್ರೋನ್ ಬಿಟ್ಟೆ. ಎದುರಿನವನ ಮೂರನೇ ಶೀಲ್ಡ್ ಹೋಗಿ, ಹಿಂದೆಯೇ ಇಂಜಿನ್ ಬಾಕ್ಸ್‌ಗಳನ್ನು ಅವನು ಪೆನ್ಸಿಲ್‌ನಲ್ಲಿ ಒಂದೊಂದಾಗಿ ಗೀಚುತ್ತಿದ್ದ. ಗೀಚುತ್ತಾ ಗೀಚುತ್ತಾ ತಲೆ ಎತ್ತಿ "ಅಣ್ಣ, ಇದು ಎಷ್ಟರ ಡ್ರೋನ್?" ಅಂದ. ಆಟ ಅಲ್ಲಿಗೇ ನಿಲ್ಲಿಸಿ ಗೋಳಿಬಜೆ ನಾನೇ ತರಿಸಬೇಕಾಯಿತು. ಆದ್ದರಿಂದ ಹಡಗಿಗೆ ಮಾತ್ರ ವರ್ಷ ಬರೆದರೆ ಸಾಲದು. ಅದು ಹೊತ್ತುಕೊಂಡ ಸಾಮಾನಿಗೂ ಬೇಕು.

ಸುರತ್ಕಲ್‌ನಿಂದ:

ಎಕ್ಸ್-ಶಿಪ್, ಅಂದರೆ ಆಟದ ಕೊನೆಗಾಲದ ಸುಧಾರಿತ ಹಡಗು, ತಂದು ಹಳೇ ಕ್ರೂಸರ್ ಎದುರು ನಿಲ್ಲಿಸುವುದು ಅಂದರೆ ಅಭಿಮನ್ಯು ಕಾಳಗದ ನಡುವೆ ಇಂದ್ರಜಿತು ರಂಗಕ್ಕೆ ಬಂದ ಹಾಗೆ. ವೇಷ ಚೆನ್ನಾಗಿರಬಹುದು, ಭಾಗವತರು ಪದ ಎಲ್ಲಿಂದ ಎತ್ತುವುದು?

ಪಣಂಬೂರಿನಿಂದ:

ನಾನು ಆಡುವುದಕ್ಕಿಂತ ಪ್ಲಾಸ್ಟಿಕ್ ಮಾಡೆಲ್ ಕಟ್ಟುವುದು ಜಾಸ್ತಿ. ಕದ್ರಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೆಸರು ನೋಡಿ ವರ್ಷ ಬರೆಯಬೇಡಿ. ನಮ್ಮ ಐಎನ್‌ಎಸ್ ವಿರಾಟ್ ಇತ್ತಲ್ಲ, ಅದು 1959ರಲ್ಲಿ ಬ್ರಿಟಿಷ್ ನೌಕಾಪಡೆಗೆ ಹರ್ಮಿಸ್ ಅಂತ ಸೇರಿದ ಹಡಗು. 1987ರಲ್ಲಿ ನಮ್ಮದಾಯಿತು, 2017ರವರೆಗೆ ಸೇವೆಯಲ್ಲಿತ್ತು. ಮುಂಭಾಗದಲ್ಲಿ ಮೇಲಕ್ಕೆ ಬಾಗಿದ ಸ್ಕೀ-ಜಂಪ್ ಇತ್ತಲ್ಲ, ಅದು ಹುಟ್ಟುವಾಗ ಇರಲಿಲ್ಲ, ಸೀ ಹ್ಯಾರಿಯರ್ ವಿಮಾನಗಳಿಗೋಸ್ಕರ ಆಮೇಲೆ ಮಾಡಿದ್ದು. ಸ್ಕೀ-ಜಂಪ್ ಇರುವ ಮಾಡೆಲ್ ಇಟ್ಟು 1959 ಅಂತ ಚೀಟಿ ಅಂಟಿಸಿದರೆ ತಿಳಿದವರು ನಗುತ್ತಾರೆ.

ನಿಮ್ಮ ಆಟದಲ್ಲೂ ಅದೇ ಕತೆ. ಡಿ7, ಡಿ7ಬಿ, ಡಿ7ಕೆ ಮೂರೂ ನೋಡಲು ಒಂದೇ ಹಡಗು. ಆದರೆ ಒಂದೊಂದು ರಿಫಿಟ್‌ಗೂ, ಅಂದರೆ ಆಮೇಲೆ ಮಾಡಿದ ಮಾರ್ಪಾಟಿಗೂ, ಒಂದೊಂದು ವರ್ಷ. ಬಾಡಿ ಹಳೇದು ಅಂತ ಬಿಟ್ಟರೆ ಒಳಗೆ ಹೊಸದು ನುಗ್ಗಿರುತ್ತದೆ.

ಮಣಿಪಾಲದಿಂದ:

ನಮ್ಮದು ಫುಲ್ ಥ್ರಸ್ಟ್, ಬಾಹ್ಯಾಕಾಶ ಹಡಗುಗಳದ್ದೇ ಇನ್ನೊಂದು ಆಟ. ಅದರಲ್ಲಿ ಹಡಗು ನಾವೇ ಡಿಸೈನ್ ಮಾಡಿಕೊಳ್ಳಬಹುದು, ಹಾಗಾಗಿ ಕಾಲವನ್ನೂ ನಾವೇ ಕಟ್ಟಿಕೊಂಡೆವು. ಬೀಮ್ ಆಯುಧದ ಕ್ಲಾಸ್ ಒಂದು ಏರಿದರೆ ದೂರ 12 ಇಂಚು ಏರುತ್ತದೆ. ಕ್ಲಾಸ್-1ಕ್ಕೆ 12, ಕ್ಲಾಸ್-2ಕ್ಕೆ 24, ಕ್ಲಾಸ್-3ಕ್ಕೆ 36. "ಹಳೇ ಕಾಲ" ಅಂದರೆ ಕ್ಲಾಸ್-2ರವರೆಗೆ ಮಾತ್ರ, ಥ್ರಸ್ಟ್ (ಇಂಜಿನ್ ಬಲ) 4 ದಾಟಬಾರದು. ಇದು ಪುಸ್ತಕದ ನಿಯಮ ಅಲ್ಲ, ಹಾಸ್ಟೆಲ್ ನಿಯಮ. ನಾಲ್ಕಡಿ ಮೇಜಿನ ಮೇಲೆ 36 ಇಂಚಿನ ಬೀಮ್ ಬಂದರೆ ಓಡಾಡಲು ಜಾಗವೇ ಇರುವುದಿಲ್ಲ, ಮೂಲೆಯಲ್ಲಿ ನಿಂತು ದಾಳ ಉರುಳಿಸುವುದೇ ಕೆಲಸ.

ಸ್ಟಾರ್‌ಶಿಪ್ ಅಲ್ಲ, ಆದರೂ ಬ್ಯಾಟಲ್‌ಟೆಕ್, ಅಂದರೆ ಮೆಕ್ ಎಂಬ ದೈತ್ಯ ಯುದ್ಧಯಂತ್ರಗಳ ಆಟ, ಆಡುವವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಆ ಕತೆಯ 3025ನೇ ಇಸವಿಯ ಪಿಪಿಸಿ ತೋಪು 18 ಹೆಕ್ಸ್‌ವರೆಗೆ (ಮ್ಯಾಪಿನ ಆರು ಮೂಲೆಯ ಮನೆ) 10 ಏಟು ಹೊಡೆಯುತ್ತದೆ. ಆಮೇಲೆ ಬಂದ ಕ್ಲ್ಯಾನ್ ಪಡೆಯವರ ಇಆರ್ ಪಿಪಿಸಿ 23 ಹೆಕ್ಸ್‌ವರೆಗೆ 15. ಬ್ಯಾಟಲ್ ವ್ಯಾಲ್ಯೂ (ಅಲ್ಲಿಯ ಪಾಯಿಂಟ್) ಸಮ ಮಾಡಿದರೆ ಹಳೇ ಕಡೆಗೆ ಒಂದೆರಡು ಮೆಕ್ ಜಾಸ್ತಿ ಸಿಗುತ್ತದೆ, ನಿಜ. ಆದರೆ ನಡುವಿನ ಆ ಐದು ಹೆಕ್ಸ್ ದಾಟುವಷ್ಟರಲ್ಲಿ ಆ ಜಾಸ್ತಿ ಮೆಕ್ ಹೊಗೆ ಹಾಕಿಸಿಕೊಂಡಿರುತ್ತದೆ.

ಮಲ್ಪೆಯಿಂದ:

ಎಲ್ಲರೂ ಬೇಲಿ ಹಾಕುವ ಮಾತೇ ಆಡುತ್ತಿದ್ದೀರಿ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ವೈ170 ಅಂದ ಕೂಡಲೇ ವೈ170ಕ್ಕಿಂತ ಹೊಸದು ಬರುವುದಿಲ್ಲ, ಸರಿ. ಆದರೆ ಎಲ್ಲರೂ ವೈ169, ವೈ170ರದ್ದನ್ನೇ ಆರಿಸುತ್ತಾರೆ. ವೈ130ರ ಹಡಗು ಪೆಟ್ಟಿಗೆಯಲ್ಲೇ ಇರುತ್ತದೆ. ಪ್ರಶ್ನೆ ಕೇಳಿದವರಿಗೆ ಅದರಿಂದ ಎಂತ ಸಿಕ್ಕಿತು?

ನಮ್ಮ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್, ಪರ್ಸೀನ್ ಬೋಟ್ ಎಲ್ಲ ದಕ್ಕೆಗೆ ಕಟ್ಟಿರುತ್ತವೆ. ಆಗ ಕಡಲಿಗೆ ಇಳಿಯುವುದು ನಾಡದೋಣಿ. ಆಗಸ್ಟ್‌ನಲ್ಲಿ ಟ್ರಾಲ್ ಬೋಟ್‌ನ ಪಕ್ಕ ನಾಡದೋಣಿ ನಿಲ್ಲಿಸಿ ಯಾವುದು ದೊಡ್ಡದು ಅಂತ ಯಾರೂ ಕೇಳುವುದಿಲ್ಲ. ಅದಕ್ಕೆ ಅದರದ್ದೇ ಎರಡು ತಿಂಗಳು ಉಂಟು.

ಸ್ಟಾರ್ ಫ್ಲೀಟ್ ಬ್ಯಾಟಲ್ಸ್‌ನಲ್ಲಿ ನಾನು ರೋಮ್ಯುಲನ್ ಎಂಬ ಪಡೆಯ ಕಡೆ ಆಡುವವ. ರೋಮ್ಯುಲನ್‌ರಲ್ಲಿ ಮೂರು ತಲೆಮಾರು. ಹಳೇ ವಾರ್‌ಬರ್ಡ್‌ಗೆ ವಾರ್ಪ್ ಇಂಜಿನ್ (ಬೆಳಕಿಗಿಂತ ವೇಗದ್ದು) ಕೂರಿಸಿ ಮಾಡಿದ ವಾರ್ ಈಗಲ್. ಆಮೇಲೆ ಕ್ಲಿಂಗಾನ್ ಎಂಬ ಇನ್ನೊಂದು ಪಡೆಯಿಂದ ಬಂದ ಹಡಗುಗಳ ಕೆಸ್ಟ್ರೆಲ್ ಸಾಲು. ಕೊನೆಗೆ ತಮ್ಮದೇ ಹಾಕ್ ಸಾಲು. ವಾರ್ ಈಗಲ್‌ನ ದೊಡ್ಡ ಪ್ಲಾಸ್ಮಾ ಟಾರ್ಪಿಡೊ ತುಂಬಲು ಮೂರು ಟರ್ನ್ ಬೇಕು, ಬಿಟ್ಟ ಮೇಲೆ ಅದು ದೂರ ಹೋದಷ್ಟೂ ಬಲ ಕಳೆದುಕೊಳ್ಳುತ್ತದೆ. ಹಾಕ್ ಎದುರು ಅದನ್ನು ಬಯಲಲ್ಲಿ ನಿಲ್ಲಿಸಿದರೆ ಸೋಲೇ. ಹಾಗಾಗಿ ನಾನು ಅದಕ್ಕೆ ಬೇರೆ ಕೆಲಸ ಕೊಡುತ್ತೇನೆ. ಮೂರು ಸರಕು ಹಡಗು, ಅವುಗಳ ಕಾವಲಿಗೆ ಒಂದು ವಾರ್ ಈಗಲ್. ಎಂಟು ಟರ್ನ್ ಒಳಗೆ ಎರಡು ಸರಕು ಹಡಗು ಮ್ಯಾಪಿನ ಆಚೆ ತುದಿ ದಾಟಿದರೆ ಗೆಲುವು. ವಾರ್ ಈಗಲ್ ಮುಳುಗಿದರೂ ಪರವಾಗಿಲ್ಲ. ಎದುರಿಗೆ ಬರುವವನಿಗೂ ಅದೇ ಕಾಲದ ಹಡಗು. ಹೋದ ಜುಲೈಯಲ್ಲಿ ಮೂರು ಸಲ ಆಡಿದ್ದು, ಎರಡು ಸಲ ನಾನು ಸೋತೆ. ಆದರೆ ಮೂರೂ ಸಲ ಕೊನೆಯ ಟರ್ನ್‌ವರೆಗೆ ಯಾರೂ ಚಹಾಕ್ಕೂ ಏಳಲಿಲ್ಲ.

ಬೆಂದೂರ್‌ವೆಲ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಂಶಯ. ನಮ್ಮಲ್ಲಿ ಒಬ್ಬರು ಹೊಸ ಹಡಗುಗಳಿಗೆ ದುಡ್ಡು ಹಾಕಿ ಪೇಂಟ್ ಮಾಡಿಸಿದ್ದಾರೆ. ವರ್ಷ ಕಟ್ಟಿದರೆ ಅವರು ಬರುವುದನ್ನೇ ಬಿಡುತ್ತಾರೋ ಅಂತ ಭಯ.

ಕದ್ರಿಯಿಂದ:

ನಮ್ಮಲ್ಲೂ ಒಬ್ಬರಿದ್ದರು. ವರ್ಷ ಹೇಳುವ ಸರದಿ ಸುತ್ತು ಬರಲಿ. ಈ ವಾರ ನೀವು ವೈ130 ಹೇಳಿದರೆ ಮುಂದಿನ ವಾರ ಅವರು ವೈ182 ಹೇಳಲಿ. ನಿಮ್ಮ ಹಳೇ ಹಡಗು ಆ ದಿನ ಮನೆಯಲ್ಲಿರಲಿ, ನೀವೂ ಹೊಸದರಲ್ಲಿ ಒಂದು ಆಟ ಆಡಿ ನೋಡಿ. ಮಲ್ಪೆಯವರ ಸರಕು ಹಡಗಿನ ಆಟವನ್ನು ಮೊದಲ ವಾರ ಇಡಿ, ದಾಳಿ ಮಾಡುವ ಕಡೆ ಅವರಿಗೇ ಕೊಡಿ. ಹೊಡೆಯಲು ಸಿಕ್ಕಿದರೆ ಯಾವ ಕಾಲದ ಹಡಗಾದರೂ ಅವರು ಬರುತ್ತಾರೆ.

ಮತ್ತೆ, ಶೀಟ್ ಜೆರಾಕ್ಸ್ ಮಾಡಿಸುವಾಗ ಅಂಗಡಿಯವರಿಗೆ ಹೇಳಿ, ಬಲ ಮೂಲೆ ಕಟ್ ಆಗಬಾರದು ಅಂತ. ನಮ್ಮದು ಹನ್ನೆರಡು ಶೀಟ್ ವರ್ಷವೇ ಇಲ್ಲದೆ ಬಂದು, ಕೆಂಪು ಪೆನ್ನು ಹಿಡಿದು ಪುನಃ ಕೂತದ್ದುಂಟು.