ಚೆಂಡು ಹೂವಿನ ಎಣ್ಣೆ ಮಾಡಿದವರು ಇದ್ದೀರಾ?

ಕುಂಡದಲ್ಲಿ ಚೆಂಡು ಹೂವು ರಾಶಿ ಬಿಟ್ಟಿದೆ. ತರಚು ಗಾಯಕ್ಕೆ, ಒಡೆದ ಹಿಮ್ಮಡಿಗೆ ಅದರ ಎಣ್ಣೆ ಒಳ್ಳೆಯದು ಅಂತ ಓದಿದೆ. ಮಾಡುವುದು ಹೇಗೆ? ಕಷಾಯ ಕುಡಿಯಬಹುದಾ? ಅನುಭವ ಇದ್ದವರು ಹೇಳಿ.

ಉತ್ತರ 1
ಎಣ್ಣೆಗೆ ಮುಂಚೆ ಎಲೆ ನೋಡಿ. ಮಾರಿಗೋಲ್ಡ್ ಅನ್ನುವ ಹೆಸರು ಎರಡು ಬೇರೆ ಗಿಡಗಳಿಗೆ ಇದೆ. ಎಲೆ ಸೀಳು ಸೀಳಾಗಿದ್ದು, ಉಜ್ಜಿದರೆ ಗಾಢ ವಾಸನೆ ಬಂದರೆ ಅದು ಟ್ಯಾಜಿಟಿಸ್, ಅಂದರೆ ನಮ್ಮ ಚೆಂಡು ಹೂವು. ಎಲೆ ಉದ್ದಕ್ಕೆ, ಸೀಳಿಲ್ಲದೆ, ಮುಟ್ಟಿದರೆ ಸ್ವಲ್ಪ ಅಂಟಂಟಾಗಿದ್ದರೆ ಅದು ಕ್ಯಾಲೆಂಡುಲಾ. ಚರ್ಮದ ಮುಲಾಮುಗಳಲ್ಲಿ ಇರುವುದು ಎರಡನೆಯದು.

ನಾನು ಹಲವು ವರ್ಷಗಳಿಂದ ಕ್ಯಾಲೆಂಡುಲಾ ಎಣ್ಣೆ ಮಾಡುತ್ತಿದ್ದೇನೆ. ಮೊದಲ ಸಲ ಹಸಿ ಎಸಳು ಹಾಕಿದ್ದೆ, ವಾರದಲ್ಲೇ ಬೂಷ್ಟು ಹಿಡಿದು ಇಡೀ ಬಾಟಲಿ ಚೆಲ್ಲಬೇಕಾಯಿತು. ಈಗ ನೆರಳಲ್ಲಿ ಗರಿಗರಿ ಆಗುವಷ್ಟು ಒಣಗಿಸುತ್ತೇನೆ. ಒಣಗಿದ ಬಾಟಲಿಗೆ ಹಾಕಿ, ಎಸಳು ಪೂರ್ತಿ ಮುಳುಗುವಷ್ಟು ಎಳ್ಳೆಣ್ಣೆ ಅಥವಾ ಆಲಿವ್ ಎಣ್ಣೆ ಸುರಿದು, 4ರಿಂದ 6 ವಾರ ಬಿಟ್ಟು ಸೋಸುತ್ತೇನೆ. ಒಣ ಚರ್ಮಕ್ಕೆ, ಹಿಮ್ಮಡಿಗೆ ತುಂಬಾ ಹಿತ. ಆಳವಾದ ಗಾಯಕ್ಕೆ, ಕೀವು ಆಗಿರುವ ಕಡೆ ಮಾತ್ರ ಹಚ್ಚಬೇಡಿ. ಅದು ಡಾಕ್ಟರ್ ನೋಡಬೇಕಾದದ್ದು.

ಉತ್ತರ 2
ನಮ್ಮಮ್ಮನಿಗೆ ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವಾಗ ಚರ್ಮ ಕೆಂಪಗೆ ಸುಟ್ಟಂತೆ ಆಗಿತ್ತು. ಡಾಕ್ಟರೇ ಕ್ಯಾಲೆಂಡುಲಾ ಮುಲಾಮು ಬರೆದುಕೊಟ್ಟರು, ಉರಿ ಕಡಿಮೆಯಾಯಿತು. 2004ರಲ್ಲಿ ಫ್ರಾನ್ಸ್‌ನಲ್ಲಿ ಇಂಥದ್ದೇ 254 ರೋಗಿಗಳ ಮೇಲೆ ಪರೀಕ್ಷೆ ನಡೆದಿತ್ತು. ಜಾಸ್ತಿ ಚರ್ಮದುರಿ ಬಂದದ್ದು ಇನ್ನೊಂದು ಮುಲಾಮು ಹಚ್ಚಿದವರಲ್ಲಿ 63%, ಕ್ಯಾಲೆಂಡುಲಾದವರಲ್ಲಿ 41%. ಆದರೆ ಅಂಥ ಸಮಯದಲ್ಲಿ ಮನೆಯಲ್ಲಿ ಮಾಡಿದ್ದನ್ನು ಸುಮ್ನೆ ಹಚ್ಚಬೇಡಿ, ಕೇಳಿಯೇ ಹಚ್ಚಿ.

ಉತ್ತರ 3
ಸೇವಂತಿಗೆ, ಸೂರ್ಯಕಾಂತಿ ಆಗದವರಿಗೆ ಚೆಂಡು ಹೂವು, ಕ್ಯಾಲೆಂಡುಲಾ ಎರಡೂ ಆಗದೇ ಇರಬಹುದು, ಎಲ್ಲ ಒಂದೇ ಕುಟುಂಬ. ನನಗೆ ಮೊಣಕೈ ತುಂಬ ದದ್ದು ಎದ್ದಿತ್ತು. ಒಂದು ಹನಿ ಹಚ್ಚಿ ಒಂದು ದಿನ ಕಾಯಿರಿ. ಬಸುರಿಯರು ಕಷಾಯ ಕುಡಿಯದಿರುವುದೇ ಒಳ್ಳೆಯದು.

ಉತ್ತರ 4
ಚೆಂಡು ಹೂವು ಪ್ರಯೋಜನವಿಲ್ಲ ಅಂದುಕೊಳ್ಳಬೇಡಿ. ಕಣ್ಣಿನ ಮಾತ್ರೆಗಳಲ್ಲಿರುವ ಲ್ಯೂಟೀನ್ ತೆಗೆಯುವುದು ಅದರ ಎಸಳಿನಿಂದಲೇ. ಹಾಗಂತ ಹೂವು ತಿಂದರೆ ಮಾತ್ರೆಯ ಲೆಕ್ಕಕ್ಕೆ ಬರುವುದಿಲ್ಲ. ಚೆಂಡು ಹೂವಿನ ಗಿಡದಲ್ಲಿ ತಯೋಫೀನ್ ಅನ್ನುವ ಅಂಶವೂ ಇದೆ. ಬಿಸಿಲು ತಾಗಿದರೆ ಅದು ಚರ್ಮವನ್ನು ಕೆರಳಿಸಬಲ್ಲದು, ಅದಕ್ಕೇ ಇದರ ಎಣ್ಣೆ ಬೇಡ ಅನ್ನುವುದು. ಅದೇ ಅಂಶ ಮಣ್ಣಿನಲ್ಲಿ ಬೇರುಗಂಟು ಮಾಡುವ ಹುಳುಗಳನ್ನು ಕೊಲ್ಲುತ್ತದೆ.

ಕೇಳಿದವರು
ಈಗಷ್ಟೇ ಎಲೆ ಉಜ್ಜಿ ನೋಡಿದೆ. ಸೀಳು ಎಲೆ, ಗಾಢ ವಾಸನೆ. ಎಣ್ಣೆ ಕೈಬಿಟ್ಟೆ. ಬೇರುಗಂಟು ಬಂದಿರುವ ಟೊಮೆಟೊ ಪಾತಿಗೆ ಇದರ ಸಸಿ ಹಾಕುತ್ತೇನೆ. ಕ್ಯಾಲೆಂಡುಲಾ ಬೀಜ ಹುಡುಕಬೇಕು.